ಆಫೀಸಿನ ಇನ್ಶೂರೆನ್ಸ್ ಫಾರ್ಮಿನಲ್ಲಿ ದಾನಕ್ಕೂ ಒಂದು ಸಾಲು

ನೀವು ಕೆನಡಾದ ಮಿಸಿಸಾಗಾಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ. ಆಗಲೇ ದಾನದ ಯೋಚನೆ ಮಾಡಿದ್ದೀರಿ ಅಂತ ಖುಷಿಯಾಯಿತು. ಏಜೆಂಟ್ ಕಥೆ ಓದಿ ಸ್ವಲ್ಪ ಗಾಬರಿಯೂ ಆಯಿತು. ನೀವು ಕೇಳಿದ್ದು ಇಷ್ಟು: ಕಂಪನಿಯ ಇನ್ಶೂರೆನ್ಸ್ ಫಾರ್ಮಿನಲ್ಲಿ ಬೆನಿಫಿಷಿಯರಿ, ಅಂದರೆ ನೀವು ಹೋದ ಮೇಲೆ ದುಡ್ಡು ಪಡೆಯುವವರ, ಹೆಸರು ಬರೆಯಬೇಕು. ಮನೆಯಲ್ಲಿ ಹೆಂಡತಿ, ಮೂರು ವರ್ಷದ ಮಗಳು. ಜೊತೆಗೆ ಮಗಳನ್ನು ನೋಡಿಕೊಂಡ ಟೊರಾಂಟೊದ ಸಿಕ್‌ಕಿಡ್ಸ್ ಆಸ್ಪತ್ರೆಗೂ, ಹರಿಹರದ ಹತ್ತಿರ ನೀವು ಓದಿದ ಶಾಲೆಯ ಟ್ರಸ್ಟಿಗೂ ಏನಾದರೂ ಸೇರಬೇಕು ಅನ್ನುವ ಆಸೆ. ಅಷ್ಟರಲ್ಲಿ ಹಬ್ಬದ ಊಟದಲ್ಲಿ ಸಿಕ್ಕ ಪರಿಚಯದ ಏಜೆಂಟ್ ಒಬ್ಬರು, ತಿಂಗಳಿಗೆ 100 ಡಾಲರಿನ ಹೋಲ್ ಲೈಫ್ ಪಾಲಿಸಿ (ಜೀವನಪೂರ್ತಿ ನಡೆಯುವ ಇನ್ಶೂರೆನ್ಸ್) ಮಾಡಿಸಿ, ಅದನ್ನೇ ದಾನ ಕೊಡಿ, ಟ್ಯಾಕ್ಸ್ ಉಳಿಯುತ್ತೆ ಅಂದಿದ್ದಾರೆ. ಮಾಡಿಸಲಾ ಅಕ್ಕಾ, ಅಂತ ಕೇಳಿದ್ದೀರಿ.

ಈಗ ಬೇಡ. ಆ ಪಾಲಿಸಿ ಬೇಡ. ಆಫೀಸಿನ ಫಾರ್ಮಿನಲ್ಲಿ ಆಸ್ಪತ್ರೆಗೆ ಒಂದು ಸಣ್ಣ ಪಾಲು ಬರೆಯಿರಿ, ಸಾಕು. ಅದಕ್ಕೆ ಒಂದು ಪೈಸೆಯೂ ಜಾಸ್ತಿ ಖರ್ಚಿಲ್ಲ.

ಏಜೆಂಟ್ ಹೇಳಿದ ಲೆಕ್ಕವನ್ನೇ ಮೊದಲು ನೋಡೋಣ. ಪಾಲಿಸಿ ಚಾರಿಟಿಯ ಹೆಸರಿಗೆ ಆದ ಮೇಲೆ ನೀವು ಕಟ್ಟುವ ಪ್ರೀಮಿಯಂ ದಾನವೇ ಆಗುತ್ತದೆ, ಅದಕ್ಕೆ ರಸೀದಿ ಸಿಗುತ್ತದೆ. ಅವರು ಹೇಳಿದ್ದು ಸುಳ್ಳಲ್ಲ. ವರ್ಷಕ್ಕೆ 1,200 ಡಾಲರ್ ಆಯಿತು. ಇಲ್ಲಿ ಮೊದಲ 200 ಡಾಲರ್ ದಾನಕ್ಕೆ ಕಡಿಮೆ ದರದ ತೆರಿಗೆ ರಿಯಾಯಿತಿ. ಅದರ ಮೇಲಿನದಕ್ಕೆ ಫೆಡರಲ್ 29%, ನಮ್ಮ ಪ್ರಾಂತ್ಯ ಒಂಟಾರಿಯೊದ್ದು 11.16%. ಎರಡೂ ಸೇರಿದರೆ 40% ದಾಟುತ್ತದೆ. ಹಾಗಾಗಿ 1,200ಕ್ಕೆ ಸುಮಾರು 440 ಡಾಲರ್ ತೆರಿಗೆ ಕಡಿಮೆಯಾಗುತ್ತದೆ. ಆದರೆ ಅದೇ 1,200 ಡಾಲರನ್ನು ನೇರವಾಗಿ ಆಸ್ಪತ್ರೆಯ ಫೌಂಡೇಶನ್ನಿಗೋ ಫುಡ್ ಬ್ಯಾಂಕಿಗೋ ಕೊಟ್ಟರೂ ಅದೇ 440 ಡಾಲರ್ ಉಳಿಯುತ್ತದೆ! ರಿಯಾಯಿತಿ ಇರುವುದು ದಾನಕ್ಕೆ, ಪಾಲಿಸಿಗಲ್ಲ. ಪಾಲಿಸಿಯಿಂದ ಸಿಗುವ ಹೆಚ್ಚುಗಾರಿಕೆ ಬೇರೆ. ಮುಂದೆ ಒಂದು ದಿನ ದೊಡ್ಡ ಮೊತ್ತ ಒಟ್ಟಿಗೆ ಹೋಗುತ್ತದೆ. ಅದಕ್ಕೆ ನೀವು ಹತ್ತಾರು ವರ್ಷ ತಪ್ಪದೆ ಕಂತು ಕಟ್ಟಬೇಕು. ಹೊಸದಾಗಿ ಬಂದವರ ಕೆಲಸ, ಮನೆ, ಊರು ಯಾವುದೂ ಇನ್ನೂ ನಿಂತಿರುವುದಿಲ್ಲ. ನಡುವೆ ಕಂತು ನಿಂತರೆ ಪಾಲಿಸಿ ಬಿದ್ದುಹೋಗಬಹುದು, ಇಲ್ಲವೇ ಚಾರಿಟಿ ಸರೆಂಡರ್ ಮಾಡಿ ಸಿಕ್ಕಷ್ಟು ತೆಗೆದುಕೊಳ್ಳಬಹುದು. ಮೊದಮೊದಲ ವರ್ಷಗಳಲ್ಲಿ ಆ ಸಿಕ್ಕಷ್ಟು ಅನ್ನುವುದು ಏನೂ ಇರುವುದಿಲ್ಲ. ಏಜೆಂಟಿಗೆ ಮಾತ್ರ ಕಮಿಷನ್ ಮೊದಲ ವರ್ಷವೇ ಬಂದಿರುತ್ತದೆ. ಅವರ ಹೊಟ್ಟೆಪಾಡು, ಬೈಯುವುದಿಲ್ಲ. ಆದರೆ ಹಬ್ಬದ ಊಟದ ಸಾಲಿನಲ್ಲೇ ಪಾಲಿಸಿ ಮಾರೋದು ನನಗೆ ಯಾಕೋ ಹಿಡಿಸುವುದಿಲ್ಲ. ಈಗಾಗಲೇ ಸಹಿ ಹಾಕಿದ್ದರೆ ಗಾಬರಿ ಬೇಡ. ಇಲ್ಲಿ ಪಾಲಿಸಿ ಕೈಗೆ ಬಂದ ಮೇಲೆ 10 ದಿನದೊಳಗೆ ವಾಪಸ್ ಮಾಡಿ ಪೂರ್ತಿ ದುಡ್ಡು ಕೇಳಬಹುದು.

ಇನ್ನು ನಿಮ್ಮ ಫಾರ್ಮು. ಆಫೀಸಿನ ಗ್ರೂಪ್ ಇನ್ಶೂರೆನ್ಸ್ ಸಾಮಾನ್ಯವಾಗಿ ವರ್ಷದ ಸಂಬಳದ ಒಂದು ಪಟ್ಟೋ ಎರಡು ಪಟ್ಟೋ ಇರುತ್ತದೆ. ಅದರಲ್ಲಿ ಬೆನಿಫಿಷಿಯರಿಯಾಗಿ ಎಷ್ಟು ಹೆಸರಾದರೂ ಬರೆದು ಶೇಕಡಾವಾರು ಹಂಚಬಹುದು. ಹೆಂಡತಿಗೆ 95, ಆಸ್ಪತ್ರೆಗೆ 5 ಅಂತ ಬರೆದರೂ ಆಯಿತು. ಮೊದಲು ಮನೆಯವರ ಲೆಕ್ಕ ಹಾಕಿ: ಬಾಡಿಗೆ, ಡೇಕೇರ್, ಊರಿನ ಸಾಲ, ಅಪ್ಪ-ಅಮ್ಮನಿಗೆ ಕಳಿಸುವುದು. ಅದಕ್ಕೇ ಈ ಮೊತ್ತ ಸಾಲದು ಅಂತ ಕಂಡರೆ ದಾನ ಹೆಚ್ಚಿಸುವ ಮೊದಲು ಒಂದು ಸಾದಾ ಟರ್ಮ್ ಪಾಲಿಸಿ (ಇಷ್ಟು ವರ್ಷ ಅಂತ ಅವಧಿಗೆ ಮಾತ್ರ ಇರುವುದು) ತೆಗೆಯಿರಿ. ನಿಮ್ಮ ವಯಸ್ಸಿಗೆ ಅದು ಅಗ್ಗ.

ಮನೆಯವರು ಮೊದಲು ಅನ್ನುವುದು ಇಲ್ಲಿ ಬರೀ ಹಿರಿಯರ ಬುದ್ಧಿಮಾತಲ್ಲ, ಕಾನೂನೂ ಹೌದು. ನಿಮ್ಮನ್ನು ನೆಚ್ಚಿಕೊಂಡವರಿಗೆ ಸಾಕಷ್ಟು ಬಿಡದೆ ನೀವು ಹೋದರೆ, ಒಂಟಾರಿಯೊದ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವರು ಕೋರ್ಟಿಗೆ ಹೋಗಬಹುದು. ಆಗ ನಿಮ್ಮ ಹೆಸರಿನ ಇನ್ಶೂರೆನ್ಸ್ ದುಡ್ಡನ್ನೂ, ಗ್ರೂಪ್ ಪಾಲಿಸಿಯದ್ದನ್ನೂ ಸೇರಿಸಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಚಾರಿಟಿಯ ಹೆಸರು ಬರೆದಿದ್ದೀರಿ ಅಂದ ಮಾತ್ರಕ್ಕೆ ಅದು ಹೊರಗೆ ಉಳಿಯುವುದಿಲ್ಲ. ನೆಚ್ಚಿಕೊಂಡವರು ಅಂದರೆ ಹೆಂಡತಿ ಮಕ್ಕಳಷ್ಟೇ ಅಲ್ಲ, ನೀವು ಸಾಕುತ್ತಿದ್ದ ತಂದೆ ತಾಯಿಯೂ ಅದರಲ್ಲಿ ಬರುತ್ತಾರೆ.

ಮಗಳ ಹೆಸರನ್ನು ಸುಮ್ನೆ ಹಾಗೇ ಬರೆದುಬಿಡಬೇಡಿ. ಅವಳು ಮೈನರ್. ಟ್ರಸ್ಟಿ, ಅಂದರೆ ಅವಳ ಪರವಾಗಿ ದುಡ್ಡು ನೋಡಿಕೊಳ್ಳುವವರು, ಅಂತ ಯಾರ ಹೆಸರೂ ಇಲ್ಲದಿದ್ದರೆ ಕಂಪನಿ ಆ ಪಾಲನ್ನು ಕೋರ್ಟಿಗೆ ಕಟ್ಟುತ್ತದೆ, 18 ತುಂಬುವ ತನಕ ಅಲ್ಲೇ ಇರುತ್ತದೆ. ಫಾರ್ಮಿನಲ್ಲಿ ಟ್ರಸ್ಟಿಯ ಹೆಸರಿಗೆ ಒಂದು ಸಾಲು ಇರುತ್ತದೆ. ನಮ್ಮವರಲ್ಲಿ ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ.

ಆಸ್ಪತ್ರೆಯ ಹೆಸರು ಬರೆಯುವಾಗ ‘ಸಿಕ್‌ಕಿಡ್ಸ್’ ಅಂತಷ್ಟೇ ಬರೆದರೆ ಸಾಲದು. ದೇಣಿಗೆ ತೆಗೆದುಕೊಳ್ಳುವುದು ಅದರ ಫೌಂಡೇಶನ್. ದಾಖಲೆಯಲ್ಲಿ ಅದರ ಹೆಸರು ‘ದಿ ಹಾಸ್ಪಿಟಲ್ ಫಾರ್ ಸಿಕ್ ಚಿಲ್ಡ್ರನ್ ಫೌಂಡೇಶನ್’. ಯಾವ ಚಾರಿಟಿಯೇ ಆಗಲಿ, ಕೆನಡಾ ರೆವೆನ್ಯೂ ಏಜೆನ್ಸಿಯ ಪಟ್ಟಿಯಲ್ಲಿ ಹುಡುಕಿ. ಒಂಬತ್ತು ಅಂಕಿ, ಆಮೇಲೆ ಆರ್‌ಆರ್, ಮತ್ತೆ ನಾಲ್ಕು ಅಂಕಿ ಇರುವ ನೋಂದಣಿ ಸಂಖ್ಯೆ ಸಿಗುತ್ತದೆ. ಅದನ್ನೂ ಫಾರ್ಮಿನಲ್ಲಿ ಬರೆಯಿರಿ. ಆ ಸಂಖ್ಯೆ ಇಲ್ಲದ ಸಂಘಕ್ಕೆ ಕೊಡಬಾರದು ಅಂತೇನಿಲ್ಲ, ಆದರೆ ತೆರಿಗೆ ರಸೀದಿ ಬರುವುದಿಲ್ಲ. ನಮ್ಮ ಎಷ್ಟೋ ಊರಿನ, ಜಾತಿಯ ಬಳಗಗಳು ಹಾಗೇ ನಡೆಯುತ್ತಿವೆ.

ಹೆಸರು ಬರೆದಾಕ್ಷಣ ನಿಮಗೆ ಈಗ ಯಾವ ರಿಯಾಯಿತಿಯೂ ಇಲ್ಲ. ನಾಳೆ ಮನಸ್ಸು ಬದಲಾದರೆ ಹೆಸರು ತೆಗೆಯಬಹುದಲ್ಲ, ಅದಕ್ಕೆ. ರಿಯಾಯಿತಿ ಸಿಗುವುದು ಕೊನೆಯ ತೆರಿಗೆ ಲೆಕ್ಕದಲ್ಲಿ. ಬದುಕಿರುವಾಗ ವರ್ಷದ ಆದಾಯದ 75% ವರೆಗಿನ ದಾನಕ್ಕೆ ಮಾತ್ರ ರಿಯಾಯಿತಿ. ತೀರಿಕೊಂಡ ವರ್ಷ ಮತ್ತು ಅದರ ಹಿಂದಿನ ವರ್ಷಕ್ಕೆ ಅದು 100%. ಇದರ ಬೆಲೆ ಈಗ ನಿಮಗೆ ಗೊತ್ತಾಗುವುದಿಲ್ಲ, ನನ್ನ ವಯಸ್ಸಿಗೆ ಗೊತ್ತಾಗುತ್ತದೆ. ರಿಟೈರ್‌ಮೆಂಟಿಗೆ ಅಂತ ಆರ್‌ಆರ್‌ಎಸ್‌ಪಿ ಅನ್ನುವ ಇಲ್ಲಿನ ಉಳಿತಾಯ ಖಾತೆಯಲ್ಲಿ ಉಳಿಸುತ್ತೇವೆ. ಗಂಡ ಹೋದರೆ ಹೆಂಡತಿಗೆ, ಹೆಂಡತಿ ಹೋದರೆ ಗಂಡನಿಗೆ ಅದು ತೆರಿಗೆಯಿಲ್ಲದೆ ದಾಟಿಕೊಳ್ಳುತ್ತದೆ. ಇಬ್ಬರಲ್ಲಿ ಕೊನೆಯವರು ಹೋದಾಗ ಉಳಿದದ್ದೆಲ್ಲ ಒಂದೇ ವರ್ಷದ ಆದಾಯ ಅಂತ ಲೆಕ್ಕ. ದೊಡ್ಡ ತೆರಿಗೆ ಬೀಳುತ್ತದೆ. ಆ ಹೊತ್ತಿಗೆ ಇನ್ಶೂರೆನ್ಸಿನಿಂದ ಚಾರಿಟಿಗೆ ಹೋದ ದುಡ್ಡಿನ ರಸೀದಿ ಇದ್ದರೆ ಆ ತೆರಿಗೆಯಲ್ಲಿ ಒಳ್ಳೆ ಭಾಗ ಕಡಿಮೆಯಾಗುತ್ತದೆ, ಮಕ್ಕಳಿಗೆ ಅಷ್ಟು ಉಳಿಯುತ್ತದೆ. ಪಾಲಿಸಿಯಲ್ಲೇ ಹೆಸರಿದ್ದರೆ ದುಡ್ಡು ವಿಲ್‌ನ ದಾರಿ ಹಿಡಿಯದೆ ನೇರ ಹೋಗುತ್ತದೆ. ಆಸ್ತಿ ಪ್ರೊಬೇಟಿಗೆ, ಅಂದರೆ ವಿಲ್‌ಗೆ ಮಾನ್ಯತೆ ಕೊಡಿಸಲು ಕೋರ್ಟಿಗೆ, ಹೋದರೆ ಒಂಟಾರಿಯೊ ಮೊದಲ 50,000 ಡಾಲರ್ ಬಿಟ್ಟು ಮಿಕ್ಕಿದ್ದಕ್ಕೆ ಸಾವಿರಕ್ಕೆ 15 ಡಾಲರ್ ಕೇಳುತ್ತದೆ. ಇದಕ್ಕೆ ಅದೂ ಇಲ್ಲ.

ನೆನಪಿಡಬೇಕಾದ್ದು ಇನ್ನೊಂದಿದೆ. ಗ್ರೂಪ್ ಇನ್ಶೂರೆನ್ಸ್ ಕೆಲಸದ ಜೊತೆಗೇ ಮುಗಿಯುತ್ತದೆ. ಕೆಲಸ ಬಿಟ್ಟ ಮೇಲೆ ಸಾಮಾನ್ಯವಾಗಿ 31 ದಿನದೊಳಗೆ ಮೆಡಿಕಲ್ ಟೆಸ್ಟ್ ಇಲ್ಲದೆ ಸ್ವಂತ ಪಾಲಿಸಿಯಾಗಿ ಬದಲಾಯಿಸಿಕೊಳ್ಳಬಹುದು. ಆದರೆ ಪ್ರೀಮಿಯಂ ಜಾಸ್ತಿ. ಆರೋಗ್ಯ ಚೆನ್ನಾಗಿದ್ದರೆ ಬೇಕಿಲ್ಲ. ಹೊಸ ಕಂಪನಿ ಸೇರಿದಾಗ ಹೊಸ ಫಾರ್ಮಿನಲ್ಲಿ ಎಲ್ಲ ಹೆಸರೂ ಮತ್ತೆ ಬರೆಯಬೇಕು, ಹಳೆಯದು ಹಿಂದೆ ಬರುವುದಿಲ್ಲ. ಮಾಂಟ್ರಿಯಲ್ ಕಡೆ ಕೆಲಸ ಸಿಕ್ಕಿ ಹೋದರೆ ಇನ್ನೂ ಎಚ್ಚರ. ಕ್ವಿಬೆಕ್‌ನಲ್ಲಿ ಮದುವೆಯಾದ ಹೆಂಡತಿಯ ಹೆಸರು ಬರೆದರೆ, ಬದಲಾಯಿಸಬಹುದು ಅಂತ ಅಲ್ಲೇ ನಮೂದಿಸದಿದ್ದರೆ ಅವರ ಒಪ್ಪಿಗೆಯಿಲ್ಲದೆ ತೆಗೆಯಲು ಆಗುವುದಿಲ್ಲ.

ಹಾಗಾದರೆ ಪಾಲಿಸಿಯನ್ನೇ ದಾನ ಕೊಡುವುದು ಯಾರಿಗೆ ಸರಿ? ನಮ್ಮಂಥವರಿಗೆ. ಮಕ್ಕಳು ಚಿಕ್ಕವರಿದ್ದಾಗ ಮಾಡಿಸಿದ್ದ ಹೋಲ್ ಲೈಫ್ ಪಾಲಿಸಿ ಒಂದು ನಮ್ಮಲ್ಲಿತ್ತು. ಮನೆ ಸಾಲ ತೀರಿತು, ಮಕ್ಕಳು ಅವರವರ ಕಾಲ ಮೇಲೆ ನಿಂತರು. ಅದು ನಮಗೆ ಬೇಕಿರಲಿಲ್ಲ. ಇಲ್ಲಿನ ಒಂದು ಆಸ್ಪತ್ರೆಯ ಫೌಂಡೇಶನ್ನಿಗೆ ಒಡೆತನವನ್ನೇ ಬರೆದುಕೊಟ್ಟೆವು. ಆ ದಿನದ ಬೆಲೆಗೆ ರಸೀದಿ ಬಂತು. ಈಗಲೂ ಪ್ರೀಮಿಯಂ ನಾವೇ ಕಟ್ಟುತ್ತೇವೆ, ವರ್ಷ ವರ್ಷ ರಸೀದಿ ಬರುತ್ತದೆ. ಕೊಟ್ಟ ವರ್ಷ, ಆದಾಯ ತೋರಿಸುವ ಟಿ5 ಅನ್ನುವ ತೆರಿಗೆ ಚೀಟಿಯೂ ಬಂತು. ತೆರಿಗೆ ಲೆಕ್ಕದಲ್ಲಿ ಪಾಲಿಸಿಯ ವೆಚ್ಚಕ್ಕಿಂತ ಕ್ಯಾಶ್ ವ್ಯಾಲ್ಯೂ (ಸರೆಂಡರ್ ಮಾಡಿದರೆ ಸಿಗುವ ಮೊತ್ತ) ಎಷ್ಟು ಜಾಸ್ತಿಯೋ ಅಷ್ಟು ಆ ವರ್ಷದ ಆದಾಯಕ್ಕೆ ಸೇರುತ್ತದೆ. ಇದನ್ನು ಅಕೌಂಟೆಂಟ್ ಮೊದಲೇ ಹೇಳಿದ್ದರಿಂದ ತೊಂದರೆ ಆಗಲಿಲ್ಲ. ಒಮ್ಮೆ ಬರೆದುಕೊಟ್ಟ ಮೇಲೆ ವಾಪಸ್ ಕೇಳುವಂತಿಲ್ಲ, ಅದರ ಮೇಲೆ ಸಾಲ ತೆಗೆಯುವಂತಿಲ್ಲ. ಇನ್ನೊಂದು ನಿಯಮ: ದಾನದ ಉದ್ದೇಶಕ್ಕೇ ತೆಗೆದ ಪಾಲಿಸಿಯನ್ನು 10 ವರ್ಷದೊಳಗೆ ಕೊಟ್ಟರೆ, ಅದರ ಬೆಲೆ ಎಷ್ಟೇ ಇದ್ದರೂ ರಸೀದಿ ನಿಮಗೆ ಬಿದ್ದ ವೆಚ್ಚವನ್ನು ದಾಟುವುದಿಲ್ಲ. ಏಜೆಂಟ್ ಇದನ್ನು ಹೇಳಿದ್ದರಾ?

ಶಾಲೆಯ ಟ್ರಸ್ಟಿನ ವಿಷಯ ಬೇರೆಯೇ. ಫಾರ್ಮಿನಲ್ಲಿ ಅದರ ಹೆಸರು ಬರೆಯಬೇಡಿ. ಇಲ್ಲಿನ ತೆರಿಗೆ ರಿಯಾಯಿತಿ ಅದಕ್ಕೆ ಹೇಗೂ ಇಲ್ಲ. ಅದಕ್ಕಿಂತ ದೊಡ್ಡ ತೊಡಕು ಭಾರತದ 2010ರ ವಿದೇಶಿ ದೇಣಿಗೆ ಕಾಯ್ದೆ, ಎಲ್ಲರೂ ಎಫ್‌ಸಿಆರ್‌ಎ ಅನ್ನುವುದು ಅದನ್ನೇ. ಆ ನೋಂದಣಿ ಇಲ್ಲದ ಟ್ರಸ್ಟ್, ಕೆನಡಾದ ಇನ್ಶೂರೆನ್ಸ್ ಕಂಪನಿ ಕಳಿಸಿದ ದುಡ್ಡು ತೆಗೆದುಕೊಂಡರೆ ತೊಂದರೆ ಅವರಿಗೇ. ನೋಂದಣಿ ಇದ್ದರೂ 2020ರ ತಿದ್ದುಪಡಿ ಆದ ಮೇಲೆ ದುಡ್ಡು ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಹಳ್ಳಿ ಶಾಲೆಯ ಟ್ರಸ್ಟಿನವರು ಇದಕ್ಕೆಲ್ಲ ಎಲ್ಲಿ ಓಡಾಡುತ್ತಾರೆ ಹೇಳಿ?

ನಿಮಗೆ ಒಂದು ಅನುಕೂಲ ಇದೆ. ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್. ನಿಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಇಲ್ಲಿನ ಪೌರತ್ವ ತೆಗೆದುಕೊಂಡ ದಿನದಿಂದ ಅದು ವಿದೇಶಿ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ. ಆದ್ದರಿಂದ ಶಾಲೆಗೆ ಕೊಡುವುದನ್ನು ಈಗಲೇ ಕೊಡಿ. ಅಪ್ಪ-ಅಮ್ಮನ ಹೆಸರಿನಲ್ಲಿ ದತ್ತಿ ಇಟ್ಟು ಬಡ್ಡಿಯಲ್ಲಿ ವರ್ಷಕ್ಕೊಬ್ಬ ಮಗುವಿಗೆ ಬಹುಮಾನ ಕೊಡಿಸುವುದು ನಮ್ಮ ಕಡೆ ಹೊಸದೇನಲ್ಲ. ಅದಕ್ಕೆ ನೀವು ಸಾಯುವ ತನಕ ಶಾಲೆ ಯಾಕೆ ಕಾಯಬೇಕು, ಅಲ್ವಾ?

ಕೊನೆಗೆ ನಿಮ್ಮ ಹಳೆಯ ಎಲ್‌ಐಸಿ ಪಾಲಿಸಿ. ಅದರ ನಾಮಿನಿ ಬದಲಾಯಿಸಿ ಟ್ರಸ್ಟ್ ಅಂತ ಹಾಕಿಸಲಾ ಅಂತ ಕೇಳಿದ್ದೀರಿ. ಅದರಿಂದ ಪ್ರಯೋಜನವಿಲ್ಲ. ಭಾರತದ ಇನ್ಶೂರೆನ್ಸ್ ಕಾಯ್ದೆಗೆ ಆದ 2015ರ ತಿದ್ದುಪಡಿಯ ನಂತರ ನಾಮಿನಿಗೆ ದುಡ್ಡು ಸ್ವಂತವಾಗುವುದು ಅವರು ಗಂಡ, ಹೆಂಡತಿ, ಮಕ್ಕಳು ಅಥವಾ ತಂದೆ ತಾಯಿ ಆಗಿದ್ದರೆ ಮಾತ್ರ. ಬೇರೆಯವರು ದುಡ್ಡು ತೆಗೆದುಕೊಂಡು ವಾರಸುದಾರರಿಗೆ ಕೊಡಬೇಕು. ದಾನ ಮಾಡಲೇಬೇಕು ಅಂದರೆ ಅದೇ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಅಸೈನ್‌ಮೆಂಟ್, ಅಂದರೆ ಪಾಲಿಸಿಯ ಹಕ್ಕನ್ನೇ ಬರೆದುಕೊಡುವುದು, ಮಾಡಿಸಬೇಕು. ಅದಕ್ಕೂ ಮೊದಲು ಊರಲ್ಲಿರುವ ಪಾಲಿಸಿ ಬಾಂಡ್ ತೆಗೆಸಿ, ಫೋಟೊ ಕಳಿಸಲು ಹೇಳಿ. ಅದರಲ್ಲಿ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ, ಅಂದರೆ ಎಂಡಬ್ಲ್ಯುಪಿ, ಅಂತ ಇದ್ದರೆ ಅದು ಆಗಲೇ ನಿಮ್ಮ ಹೆಂಡತಿ ಮಗಳದ್ದು. ಅದನ್ನು ಮುಟ್ಟಬೇಡಿ.