ಕಿಟಕಿ ಎಣಿಸದೆ ಬರೆದ ಲೇಖನ

ಮಾನ್ಯರೇ,

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಹಾರ್ಡ್‌ವಿಕ್ ಹಾಲ್ ಎಂಬ ಹದಿನಾರನೇ ಶತಮಾನದ ಮನೆಯ ಕುರಿತ ನಿಮ್ಮ ಪ್ರವಾಸ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾಗದು. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

ಮೊದಲ ಪುಟದಲ್ಲೇ ‘ಭವ್ಯ’ ಏಳು ಸಲ, ‘ನಯನಮನೋಹರ’ ಮೂರು ಸಲ ಬಂದಿವೆ. ಊರಿನ ಹೊಸ ಕಲ್ಯಾಣಮಂಟಪಕ್ಕೂ ಒಪ್ಪುವ ಪದಗಳಿವು. ಹಾರ್ಡ್‌ವಿಕ್‌ಗೆ ಮಾತ್ರ ಸಲ್ಲುವ ಮಾತು ಎಲ್ಲಿದೆ ಎಂದು ಹುಡುಕಿದರೆ ನಾಲ್ಕನೇ ಪುಟದಲ್ಲಿ ಸಿಕ್ಕಿತು: ‘ಮೇಲೆ ಹೋದಂತೆ ಕಿಟಕಿಗಳು ದೊಡ್ಡದಾಗುತ್ತವೆ.’ ಇಷ್ಟು ಹೇಳಿ ನೀವು ಉದ್ಯಾನಕ್ಕೆ ಹೊರಟುಬಿಟ್ಟಿರಿ!

ಅಲ್ಲೇ ನಿಲ್ಲಬೇಕಿತ್ತು. ನೆಲಮಹಡಿಯ ಕಿಟಕಿ ಗಿಡ್ಡ, ಮೊದಲ ಮಹಡಿಯದು ಎತ್ತರ, ಎರಡನೆಯದು ಅದಕ್ಕಿಂತ ಎತ್ತರ. ಕೆಳಗೆ ಆಳುಕಾಳುಗಳ ಓಡಾಟ, ನಡುವೆ ಮನೆಯೊಡತಿಯ ನಿತ್ಯದ ಬದುಕು, ಎಲ್ಲಕ್ಕಿಂತ ಮೇಲೆ ಗಣ್ಯರನ್ನು ಬರಮಾಡಿಕೊಳ್ಳುವ ದರಬಾರು ಕೋಣೆಗಳು. ನಮ್ಮ ‘ಅಂತಸ್ತು’ ಎಂಬ ಪದದ ಎರಡೂ ಅರ್ಥಗಳು ಆ ಒಂದೇ ಗೋಡೆಯ ಮೇಲಿವೆ. ಗಾಜು ಬಲು ದುಬಾರಿಯಾಗಿದ್ದ ಕಾಲವದು. ಮನೆ ಕಟ್ಟಿಸಿದ ಒಡತಿ ಬೆಸ್‌ಗೆ ಸ್ವಂತ ಗಾಜಿನ ಕಾರ್ಖಾನೆಯಿತ್ತು. ಹೊರಗೋಡೆಗಳನ್ನು ಕಿಟಕಿಗೆ ಬಿಟ್ಟುಕೊಡಲೆಂದು ಹೊಗೆಗೂಡುಗಳನ್ನು ಹೆಚ್ಚಾಗಿ ಒಳಗೋಡೆಗಳಲ್ಲಿ ಅಡಗಿಸಿದರು. ಇಷ್ಟಾದರೂ ಕೆಲವು ಕಿಟಕಿಗಳು ಬರೀ ವೇಷ: ಹೊರಗಿನಿಂದ ಗಾಜು ಹೊಳೆಯುತ್ತದೆ, ಹಿಂದೆ ಇರುವುದು ಗೋಡೆ. ನಲವತ್ತು ಫೋಟೊ ತೆಗೆದ ನಿಮ್ಮ ಕಣ್ಣಿಗೆ ಇದು ಬೀಳಲಿಲ್ಲವೇ?

‘ಅನಾಮಿಕ ಶಿಲ್ಪಿಗಳ ಕೈಚಳಕ’ ಎಂದು ಬರೆದಿದ್ದೀರಿ. ವಿನ್ಯಾಸ ರಾಬರ್ಟ್ ಸ್ಮಿತ್‌ಸನ್ ಅವರದು ಎಂದು ಇತಿಹಾಸಕಾರರು ಒಪ್ಪುತ್ತಾರೆ. ‘ಅರಮನೆ’ ಎಂಬುದನ್ನೂ ತೆಗೆಯಿರಿ. ಅದು ಜಮೀನುಳ್ಳ ಸಿರಿವಂತರ ಹಳ್ಳಿಮನೆ.

ಬೆಸ್‌ಳ ನಾಲ್ಕು ಮದುವೆಗಳಿಗೆ ಎರಡು ಪುಟ ಸುರಿದಿದ್ದೀರಿ. ಮೂರು ಸಾಲು ಸಾಕು. 1590ರಲ್ಲಿ ನಾಲ್ಕನೇ ಗಂಡ, ಶ್ರೂಸ್‌ಬರಿಯ ಅರ್ಲ್, ತೀರಿಕೊಂಡ. ಅದೇ ವರ್ಷ ಹೊಸ ಮನೆಯ ಕೆಲಸ ಶುರುವಾಯಿತು. 1597ರಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿ, ಆಕೆ ಅಲ್ಲಿ ವಾಸಕ್ಕೆ ಬಂದಳು. ಆರು ಗೋಪುರಗಳ ನೆತ್ತಿಯಲ್ಲೂ ಎಲಿಜಬೆತ್ ಶ್ರೂಸ್‌ಬರಿ ಎಂಬ ತನ್ನ ಪೂರ್ಣ ಹೆಸರಿನ ‘ಇ’ ಮತ್ತು ‘ಎಸ್’ ಅಕ್ಷರಗಳನ್ನು ಕಲ್ಲಿನಲ್ಲಿ ಕೊರೆಸಿ ಆಕಾಶಕ್ಕೆ ಎದುರಾಗಿ ನಿಲ್ಲಿಸಿದಳು. ಉಳಿದ ಜಾಗವನ್ನು ಲಾಂಗ್ ಗ್ಯಾಲರಿ ಎಂಬ ಉದ್ದನೆಯ ಹಜಾರದಲ್ಲಿರುವ, ಬೈಬಲ್ಲಿನ ವೀರ ಗಿಡಿಯನ್‌ನ ಕಥೆಯ ಚಿತ್ರವಸ್ತ್ರಗಳಿಗೆ ಕೊಡಿ. ಅವು ರಾಣಿ ಒಂದನೇ ಎಲಿಜಬೆತ್‌ಳ ಆಸ್ಥಾನದ ಕ್ರಿಸ್ಟೋಫರ್ ಹ್ಯಾಟನ್ ಕುಟುಂಬದಿಂದ ಕೊಂಡ ಹಳೆಯ ಸರಕು. ಅವುಗಳ ಮೇಲಿದ್ದ ಹ್ಯಾಟನ್ ಲಾಂಛನವನ್ನು ಮುಚ್ಚಿ ತನ್ನದನ್ನು ಹಚ್ಚಿಸಬೇಕಲ್ಲ, ಆ ಖರ್ಚಿಗೆಂದು ಬೆಸ್ ಬೆಲೆಯಲ್ಲಿ ಐದು ಪೌಂಡ್ ಮುರಿದುಕೊಂಡಳು. ಆ ಹೆಂಗಸು ಎಂಥವಳೆಂದು ತಿಳಿಯಲು ನನಗೆ ಅಷ್ಟು ಸಾಕಾಯಿತು.

ಸಾವಿರದಿನ್ನೂರು ಪದ ಮೀರದಂತೆ, ತಿಂಗಳೊಳಗೆ ಮತ್ತೆ ಕಳಿಸಿ. ಕಳಿಸಿದ ಹನ್ನೆರಡು ಫೋಟೊಗಳಲ್ಲಿ ಹನ್ನೊಂದರಲ್ಲಿ ನೀವೇ ಇದ್ದೀರಿ. ಗೋಪುರದ ಅಕ್ಷರಗಳು ಕಾಣುವಂಥದ್ದು ಒಂದಿದ್ದರೆ ಜೊತೆಗಿರಲಿ.

ಸಂಪಾದಕ