ಎರಡು ನಾಡುಗಳ ನಡುವಿನ ಇಶಿಗುರೊ

ಪ್ರಶ್ನೆ: ಕಜುವೊ ಇಶಿಗುರೊ ಅವರ ಕಾದಂಬರಿಗಳಲ್ಲಿ ಜಪಾನಿನ ಪ್ರಭಾವ ಹೆಚ್ಚೋ, ಬ್ರಿಟನ್ನಿನದೋ?

ಉತ್ತರ: ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುವುದು ಕಷ್ಟ. 1954ರಲ್ಲಿ ನಾಗಸಾಕಿಯಲ್ಲಿ ಹುಟ್ಟಿದ ಇಶಿಗುರೊ, ಸಾಗರವಿಜ್ಞಾನಿಯಾಗಿದ್ದ ತಂದೆಯ ಕೆಲಸದ ನಿಮಿತ್ತ ಐದನೆಯ ವಯಸ್ಸಿನಲ್ಲಿ ಇಂಗ್ಲೆಂಡಿನ ಗಿಲ್ಡ್‌ಫರ್ಡಿಗೆ ಬಂದರು. ಮನೆಯೊಳಗೆ ಜಪಾನಿ, ಹೊರಗೆ ಇಂಗ್ಲಿಷ್. ಇಂದಲ್ಲ ನಾಳೆ ಊರಿಗೆ ಮರಳುತ್ತೇವೆಂಬ ನಿರೀಕ್ಷೆಯಲ್ಲೇ ಬಾಲ್ಯ ಕಳೆಯಿತು. ಅವರು ಮತ್ತೆ ಜಪಾನನ್ನು ಕಂಡದ್ದು 1989ರಲ್ಲಿ. ಅಷ್ಟರೊಳಗೆ ಜಪಾನನ್ನು ಕುರಿತ ಅವರ ಮೊದಲೆರಡು ಕಾದಂಬರಿಗಳು ಪ್ರಕಟವಾಗಿದ್ದವು. ಹಾಗಾಗಿ ಅಲ್ಲಿರುವುದು ನೆನಪು ಮತ್ತು ಕಲ್ಪನೆಗಳಿಂದ ಕಟ್ಟಿದ ಜಪಾನ್. ಅದನ್ನು ಇತಿಹಾಸದ ಪಠ್ಯದಂತೆ ಓದುವವರು ನಿರಾಶರಾದಾರು.

1986ರ ‘ಆ್ಯನ್ ಆರ್ಟಿಸ್ಟ್ ಆಫ್ ದ ಫ್ಲೋಟಿಂಗ್ ವರ್ಲ್ಡ್’ನಲ್ಲಿ ಯುದ್ಧಪರ ಚಿತ್ರಗಳನ್ನು ಬಿಡಿಸಿದ್ದ ವೃದ್ಧ ಕಲಾವಿದ ಓನೊ, ಮಗಳ ಮದುವೆಯ ಮಾತುಕತೆಯ ನಡುವೆ ತನ್ನ ತಪ್ಪನ್ನು ಅಳೆದು ತೂಗಿ ಒಪ್ಪಿಕೊಳ್ಳುತ್ತಾನೆ. ಬೂಕರ್ ಪಡೆದ ‘ದ ರಿಮೇನ್ಸ್ ಆಫ್ ದ ಡೇ’ಯಲ್ಲಿ ಇದೇ ಮನಃಸ್ಥಿತಿ ಇಂಗ್ಲಿಷ್ ಬಂಗಲೆಗೆ ಸ್ಥಳಾಂತರಗೊಂಡಿದೆ ಎಂದು ನನ್ನ ಅನಿಸಿಕೆ. ಮಹಡಿಯ ಮೇಲೆ ತಂದೆ ತೀರಿಕೊಂಡಾಗಲೂ ಬಟ್ಲರ್ ಸ್ಟೀವನ್ಸ್ ಅತಿಥಿಗಳಿಗೆ ಮದ್ಯ ಬಡಿಸುತ್ತಲೇ ಇರುತ್ತಾನೆ. ಅವನು ಅಳುತ್ತಿರುವುದು ಓದುಗರಿಗೆ ತಿಳಿಯುವುದು ಧಣಿಯ ಪ್ರಶ್ನೆಯಿಂದ. ಕರ್ತವ್ಯದ ಹೆಸರಿನಲ್ಲಿ ಭಾವವನ್ನು ನುಂಗಿಕೊಳ್ಳುವ ಈ ಸಂಕೋಚವು ಜಪಾನಿನದೆನ್ನಲು ಹೊರಟರೆ ಸ್ಟೀವನ್ಸ್ ಅಡ್ಡ ಬರುತ್ತಾನೆ, ಇಂಗ್ಲೆಂಡಿನದೆನ್ನಲು ಹೊರಟರೆ ಓನೊ ಬಿಡುವುದಿಲ್ಲ.