ಪಾಸ್‌ಬುಕ್ ಹಿಡಿದವನನ್ನೂ ಕೇಳಿ

ಪತ್ರ: ನನ್ನ ತಮ್ಮನಿಗೆ 34 ವರ್ಷ. ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕಡಿಮೆ. ಅಮ್ಮ ತೀರಿಕೊಂಡ ಮೇಲೆ ನನ್ನ ಜೊತೆಗಿದ್ದಾನೆ. ಬ್ಯಾಂಕಿನವರು ಗಾರ್ಡಿಯನ್ ಪತ್ರ ತನ್ನಿ ಅನ್ನುತ್ತಾರೆ. ಅವನ ಎಲ್ಲ ವ್ಯವಹಾರಕ್ಕೂ ನನ್ನ ಸಹಿ ಸಾಕು ಅಂತ ಮಾಡಿಸಿಕೊಳ್ಳುವುದು ಹೇಗೆ? ಅವನನ್ನು ಕೇಳಿ ಪ್ರಯೋಜನವಿಲ್ಲ. ಪಾಸ್‌ಬುಕ್ ಮಾತ್ರ ಕೈಯಿಂದ ಬಿಡುವುದಿಲ್ಲ.
– ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ: ತಾಯಿ, ನಿಮ್ಮ ಕಷ್ಟ ನಿಜ. ಕಾಗದವಿಲ್ಲದೆ ಬ್ಯಾಂಕಿನ ಕೆಲಸ ಮುಂದೆ ಹೋಗುವುದಿಲ್ಲ. 18 ತುಂಬಿದ ಮೇಲೆ ಹೆತ್ತವರ ಸಹಿಯೂ ತಾನಾಗಿ ನಡೆಯುವುದಿಲ್ಲ. ನಿಮ್ಮ ತಮ್ಮನಂಥವರಿಗಾಗಿಯೇ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಗಾರ್ಡಿಯನ್ ಆಗಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ನೀವು ಅರ್ಜಿ ಕೊಡಬಹುದು. ನೇಮಕವಾದ ಮೇಲೆ ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಒಪ್ಪಿಸಬೇಕು, ವರ್ಷ ವರ್ಷ ಲೆಕ್ಕ ಕೊಡಬೇಕು.

ಆದರೆ 'ಎಲ್ಲ ವ್ಯವಹಾರಕ್ಕೂ' ಅಂದಿರಲ್ಲ, ಅಲ್ಲೇ ನನ್ನ ತಕರಾರು. ಗಾರ್ಡಿಯನ್ ನಿಜಕ್ಕೂ ಬೇಕಾ, ಯಾವ ಕೆಲಸಕ್ಕೆ ಬೇಕು ಅಂತ ಸಮಿತಿ ನೋಡಲೇಬೇಕು. ಕಾಯ್ದೆಯೇ ಹಾಗೆ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಗಿದೆ. ಅದರ ಪ್ರಕಾರ ಸೀಮಿತ ಪಾಲಕರು, ಅಂದರೆ ಗೊತ್ತಾದ ಕೆಲಸಕ್ಕೆ ಮಾತ್ರ ನೇಮಕವಾದ ಗಾರ್ಡಿಯನ್, ಆ ವ್ಯಕ್ತಿಯ ಜೊತೆ ಕೂತು, ಅವರ ಇಷ್ಟದಂತೆ ತೀರ್ಮಾನ ಮಾಡಬೇಕು.

2009ರಲ್ಲಿ ಚಂಡೀಗಢದ ಸರಕಾರಿ ಆಶ್ರಯದಲ್ಲಿದ್ದ ಯುವತಿಯೊಬ್ಬಳ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಅವಳ ಬುದ್ಧಿ ಬೆಳವಣಿಗೆ ಸ್ವಲ್ಪ ಕಡಿಮೆ. ಗರ್ಭ ತೆಗೆಸಲು ಹೈಕೋರ್ಟ್ ಒಪ್ಪಿತ್ತು. ಅವಳಿಗೆ ಮಗು ಬೇಕಿತ್ತು. ಸುಪ್ರೀಂ ಕೋರ್ಟ್ ಅವಳ ಮಾತನ್ನೇ ಎತ್ತಿಹಿಡಿಯಿತು. ಅಷ್ಟು ದೊಡ್ಡ ವಿಷಯದಲ್ಲೇ ಅವಳನ್ನು ಕೇಳಬೇಕು ಅಂದಮೇಲೆ ಬ್ಯಾಂಕಿನ ದುಡ್ಡಿಗೆ ನಿಮ್ಮ ತಮ್ಮನನ್ನು ಕೇಳಬಾರದಾ?

ನಮ್ಮ ಮನೆಯಲ್ಲೂ ಒಬ್ಬ ಚಿಕ್ಕಪ್ಪ ಇದ್ದರು. ಮಾತು ಕಡಿಮೆ, ಲೆಕ್ಕ ಬಾರದು. ಅಜ್ಜಿ ಹೋದ ಮೇಲೆ ಹಿರಿಯರೆಲ್ಲ ಪಡಸಾಲೆಯಲ್ಲಿ ಕೂತು ಅವರನ್ನು ಪೇಟೆ ಮನೆಗೆ ಕಳಿಸುವುದು ಅಂತ ತೀರ್ಮಾನಿಸಿದರು. ಚಿಕ್ಕಪ್ಪ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಯಾರೂ ಅವರ ಕಡೆ ತಿರುಗಲಿಲ್ಲ. ಪೇಟೆಯಲ್ಲಿ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಹಟ ಅಂದುಕೊಂಡು ಬೈದೆವು. ಊರಲ್ಲಿ ಆ ಹೊತ್ತಿಗೆ ಕೊಟ್ಟಿಗೆಯಲ್ಲಿ ಹಸು ಬಿಚ್ಚುತ್ತಿದ್ದವರು ಅವರೇ. ಇದು ನಮಗೆ ಹೊಳೆಯಲು ಒಂದು ವರ್ಷ ಹಿಡಿಯಿತು.

ಬರೀ ಇಂಥವರ ವಿಷಯದಲ್ಲಿ ಮಾತ್ರ ಹೀಗಾ? ಅಜ್ಜ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಾರೆ, ಡಾಕ್ಟರು ಆಪರೇಷನ್ ಬಗ್ಗೆ ಮಗನನ್ನು ಕೇಳುತ್ತಾರೆ. ಗಂಡಿನ ಕಡೆಯವರಿಗೆ ಮಾತು ಕೊಟ್ಟಾದ ಮೇಲೆ ಹುಡುಗಿಗೆ ಸುದ್ದಿ. 'ನಿನಗೇನು ಗೊತ್ತಾಗುತ್ತೆ, ಸುಮ್ನಿರು' ಅನ್ನುವ ಮಾತು ನಮ್ಮ ಮನೆಗಳಲ್ಲಿ ಪ್ರೀತಿಯ ಹೆಸರಲ್ಲೇ ಜಾಸ್ತಿ ಕೇಳಿಸುತ್ತದೆ. ನನಗೆ ಇದು ಸಹಿಸಲಾಗದ ವಿಷಯ.

ನೀವು ತಮ್ಮನನ್ನು ಸಾಕುತ್ತಿರುವ ಅಕ್ಕ. ನಿಮ್ಮ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. ಅರ್ಜಿ ತುಂಬುವ ಮುಂಚೆ ಒಂದು ಸಂಜೆ ಅವನ ಪಕ್ಕ ಕೂತುಕೊಳ್ಳಿ. ಆ ಪಾಸ್‌ಬುಕ್ಕನ್ನು ಅವನು ಯಾಕೆ ಬಿಡುವುದಿಲ್ಲ ಅಂತ ಕೇಳಿ. ಅವನು ಏನಂದ ಅಂತ ನನಗೂ ಬರೆಯಿರಿ.